ಒಂದು ದಿನ ಹಾಕಿದ ಕೋಟು

ಮೊನ್ನೆ ಶನಿವಾರ ನನ್ನ ಮಗಳು ಒಂದು ಕಾಗದದ ಚೀಲವನ್ನು ಊಟದ ಮೇಜಿನ ಮೇಲಿಟ್ಟು, ಅದರೊಳಗಿಂದ ಒಂದು ಕೋಟನ್ನು ತೆಗೆದು ಎತ್ತಿ ಹಿಡಿದಳು. ಬೂದು ಬಣ್ಣದ ಗಂಡಸರ ಕೋಟು. ಭುಜ ಅಗಲ, ಕಾಲರು ಅದಕ್ಕಿಂತ ಅಗಲ. ಕಾಲೇಜು ಹುಡುಗಿಯೊಬ್ಬಳು ತನಗೆ ಎರಡು ಅಳತೆ ದೊಡ್ಡದಾದ, ಯಾರೋ ಹಾಕಿ ಬಿಟ್ಟ ಕೋಟನ್ನು ದುಡ್ಡು ಕೊಟ್ಟು ಏಕೆ ತರಬೇಕು ಎಂದು ನಾನು ಕೇಳುವ ಮೊದಲೇ ಉತ್ತರ ಬಂತು.

“ವಿಂಟೇಜ್ ಅಪ್ಪ.”

ನಮ್ಮ ಕಾಲದಲ್ಲಿ ಅದಕ್ಕೆ ಸೆಕೆಂಡ್ ಹ್ಯಾಂಡ್ ಎನ್ನುತ್ತಿದ್ದರು. ಕೊಂಡವರು ಮನೆಯಲ್ಲಿ ಹೇಳುತ್ತಿರಲಿಲ್ಲ. ಈಗ ಅದಕ್ಕೇ ಅಂಗಡಿಗಳಿವೆ, ಕನ್ನಡಿಯಿದೆ, ಹಳದಿ ದೀಪವಿದೆ ಎಂದು ಮಗಳು ವಿವರಿಸುತ್ತಿದ್ದಳು. ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಕೋಟು ಮೇಜನ್ನು ದಾಟಿ ನನ್ನ ಕಡೆ ಬಂದಾಗ ಅದರಿಂದ ನುಸಿಗುಳಿಗೆಯ ವಾಸನೆ ಬಂದಿತ್ತು. ನನಗೆ ಅರಿವಾಗುವ ಹೊತ್ತಿಗೆ ನಾನು ಅದರ ಎಡದೋಳನ್ನು ಹಿಡಿದು ಒಳಗಿನ ಲೈನಿಂಗನ್ನು ಹೊರಕ್ಕೆ ತಿರುಗಿಸಿ, ಕಂಕುಳ ಹತ್ತಿರ ನೋಡುತ್ತಿದ್ದೆ.

“ಏನ್ ಹುಡುಕ್ತಿದೀರಾ?” ಎಂದಳು ಮಗಳು.

“ಹೊಲಿಗೆ ಬಿಟ್ಟಿದ್ಯೇನೋ ಅಂತ.”

ಅವಳಿಗೆ ಹೇಳಿದ್ದು ಅಷ್ಟೆ. ಮಿಕ್ಕದ್ದನ್ನು ನಿಮಗೆ ಹೇಳುತ್ತೇನೆ. ಸ್ವಲ್ಪ ನಿಧಾನವಾಗಬಹುದು, ಸಹಿಸಿಕೊಳ್ಳಿ. ಕಂಡದ್ದಕ್ಕಿಂತ ಹೆಚ್ಚು ಹೇಳಬಾರದು ಎಂಬ ಎಚ್ಚರಿಕೆ ನನಗೆ.

ನಮ್ಮ ಕಡೆಯ ಮದುವೆಗಳಲ್ಲಿ ವರನಿಗೆ ಹೆಣ್ಣಿನ ಮನೆಯವರು ಸೂಟು ಕೊಡಿಸುವುದು ನಿಮಗೂ ಗೊತ್ತಿರುತ್ತದೆ. ಬೆಳಿಗ್ಗೆಯ ಧಾರೆಗೆ ರೇಷ್ಮೆ ಪಂಚೆ, ರಿಸೆಪ್ಷನ್ನಿಗೆ ಸೂಟು. ಅಳತೆ ಕೊಟ್ಟು, ಎರಡು ಸಲ ಟ್ರಯಲ್ ನೋಡಿ, ಅಷ್ಟು ಖರ್ಚಿನಲ್ಲಿ ಹೊಲಿಸಿದ ಆ ಉಣ್ಣೆ ಬಟ್ಟೆ ಒಂದು ಸಂಜೆ ಛತ್ರದ ದೀಪಗಳ ಕೆಳಗೆ ಬೆವರುತ್ತದೆ. ಆಮೇಲೆ ಅದಕ್ಕೆ ಕೆಲಸವಿಲ್ಲ. ಬೆಂಗಳೂರಿನಲ್ಲಿ ಕೋಟು ಬೇಡುವ ಚಳಿ ವರ್ಷಕ್ಕೆ ಎರಡು ವಾರ ಬಿದ್ದರೆ ಹೆಚ್ಚು. ಆಗ ಮದುವೆಯ ಕೋಟನ್ನು ಹಾಕಿಕೊಂಡು ಹಾಲು ತರಲು ಹೋಗುವ ಧೈರ್ಯ ಯಾರಿಗೂ ಇರುವುದಿಲ್ಲ. ಹಾಗಾಗಿ ಆಗ ನಾವಿದ್ದ ಜಯನಗರದ ಪ್ರತಿ ಮನೆಯ ಬೀರುವಿನಲ್ಲೂ ಒಂದು ಕೋಟು ಪ್ಲಾಸ್ಟಿಕ್ ಕವರಿನೊಳಗೆ, ಜೇಬಿನಲ್ಲಿ ನುಸಿಗುಳಿಗೆ ಇಟ್ಟುಕೊಂಡು ನೇತಾಡುತ್ತಿತ್ತು.

ನನ್ನ ಅಣ್ಣನ ಕೋಟೂ ಹಾಗೆ ನೇತಾಡುತ್ತಿತ್ತು. ತೊಂಬತ್ತರ ದಶಕದ ನಡುವಿನ ಮಾತು. ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ಅಮ್ಮ, ಅಣ್ಣ, ನಾನು. ಅಣ್ಣನಿಗೆ ತಿಪಟೂರಿನ ಹೆಣ್ಣು ಗೊತ್ತಾಯಿತು. ಸೂಟಿನ ಬಟ್ಟೆ ಆರಿಸಲು ಅವಳ ತಂದೆ ಗಾಂಧಿ ಬಜಾರಿಗೆ ಬಂದಾಗ ಅವಳೂ ಬಂದಿದ್ದಳು. ಅಣ್ಣನಿಗೆ ಜೊತೆಯಾಗಿ ನನ್ನನ್ನು ಕಳುಹಿಸಿದ್ದರು. ನನಗೆ ಮೀಸೆ ಬಂದಿತ್ತಾದರೂ ಮನೆಯಲ್ಲಿ ಪುಟ್ಟ ಎಂದೇ ಕರೆಯುತ್ತಿದ್ದರು. ಅಂದು ಬಟ್ಟೆ ಅಂಗಡಿಯಲ್ಲೂ ಅದೇ ಹೆಸರಿನಿಂದ ಪರಿಚಯಿಸಲ್ಪಟ್ಟು, ಮೂಲೆಯ ಸ್ಟೂಲಿನಲ್ಲಿ ಮುಖ ಕೆಂಪಗೆ ಮಾಡಿಕೊಂಡು ಕುಳಿತಿದ್ದೆ.

ಅಣ್ಣ ಎಲ್ಲರಂತೆ ಕಡುನೀಲಿ ಬಟ್ಟೆಯ ಮೇಲೆ ಕೈ ಇಟ್ಟ. ಮುಂದೆ ಅತ್ತಿಗೆಯಾಗಲಿದ್ದವಳು ಏನೂ ಹೇಳದೆ, ಬೆರಳಿನಿಂದ ಕಾಫಿ ಬಣ್ಣದ ಇನ್ನೊಂದು ಬಟ್ಟೆಯನ್ನು ತೋರಿಸಿದಳು. ಅಂಗಡಿಯವನು ತಕ್ಷಣ ನೀಲಿಯನ್ನು ಮಡಚಿದ.

“ಮೇಡಂ ಸೆಲೆಕ್ಷನ್ನೇ ಫೈನಲ್ ಸಾರ್. ಈಗ್ಲಿಂದ್ಲೇ ಪ್ರಾಕ್ಟೀಸ್ ಮಾಡ್ಕೊಳ್ಳಿ.”

ಎಲ್ಲರೂ ನಕ್ಕರು. ಅಣ್ಣ ಎಲ್ಲರಿಗಿಂತ ಸ್ವಲ್ಪ ತಡವಾಗಿ ನಕ್ಕ. ಅವನು ಹಾಗೆಯೇ, ಮಾತು ಮೈಗೆ ತಾಗಿದ ಮೇಲೆ ನಗುವವನು.

ರಿಸೆಪ್ಷನ್ನಿನ ಸಂಜೆ ಕೋಟು ಹಾಕಿಕೊಳ್ಳುವಾಗ, ಅವಸರದಲ್ಲಿ ತೋಳು ತೂರಿಸಿದ್ದಕ್ಕೆ ಎಡಗಂಕುಳಲ್ಲಿ ಲೈನಿಂಗ್ ಹರಿಯಿತು. ಛತ್ರದ ಕೋಣೆಯಲ್ಲಿ ಸೂಜಿ ಇದ್ದದ್ದು ಮದುಮಗಳ ಪೆಟ್ಟಿಗೆಯಲ್ಲಿ ಮಾತ್ರ. ಸೀರೆಗೆ ಫಾಲ್ ಹಾಕಿ ಮಿಕ್ಕಿದ್ದ ಮರೂನ್ ದಾರವೂ ಅಲ್ಲೇ ಇತ್ತು. ಅತ್ತಿಗೆ, ಬಳೆ ತುಂಬಿದ ಕೈಗಳಲ್ಲಿ, ಕಾಫಿ ಬಣ್ಣದ ಲೈನಿಂಗಿಗೆ ಮರೂನ್ ದಾರದಲ್ಲಿ ಓರೆ ಓರೆಯಾಗಿ ಹೊಲಿದಳು. ನಾನು ಬಾಗಿಲು ಕಾಯುತ್ತಿದ್ದೆ. “ಯಾರಿಗ್ ಕಾಣತ್ತೆ ಬಿಡಿ,” ಎಂದಳು. ಅಣ್ಣ, “ನಂಗ್ ಗೊತ್ತಿರತ್ತಲ್ಲ,” ಎಂದ. ಅವರಿಬ್ಬರು ಗಂಡ ಹೆಂಡತಿಯಾಗಿ ಆಡಿದ ಮಾತುಗಳಲ್ಲಿ ನಾನು ಕಿವಿಯಾರೆ ಕೇಳಿ ನೆನಪಿಟ್ಟುಕೊಂಡದ್ದು ಬಹಳ ಇಲ್ಲ. ಇದು ಒಂದು.

ಮರುವರ್ಷ, ಕನಕಪುರ ರಸ್ತೆಯಲ್ಲಿ, ಅಣ್ಣನ ಸ್ಕೂಟರಿಗೆ ಲಾರಿ ತಾಗಿತು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಅತ್ತಿಗೆಯನ್ನು ತವರಿಗೆ ಕರೆದುಕೊಂಡು ಹೋದರು. ಅವಳಿಗೆ ಬನಶಂಕರಿಯ ಒಂದು ಸಣ್ಣ ಶಾಲೆಯಲ್ಲಿ ಟೀಚರ್ ಕೆಲಸವಿತ್ತು. ಸ್ವಲ್ಪ ದಿನ ರಜೆ ಹಾಕಿದ್ದಳು. ಅವಳಿಲ್ಲದ ಆ ದಿನಗಳಲ್ಲಿ, ಒಂದು ಬೆಳಿಗ್ಗೆ, ನಮ್ಮ ರಸ್ತೆಗೆ ಪಾತ್ರೆಯವಳು ಬಂದಳು. ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವಳು. ತಲೆಯ ಮೇಲೆ ಪಾತ್ರೆಯ ಬುಟ್ಟಿ, ಬೆನ್ನಿಗೆ ಬಟ್ಟೆಯ ಗಂಟು. ಆ ಹೆಂಗಸರ ಜೊತೆ ಚೌಕಾಸಿ ಮಾಡುವುದು ನಮ್ಮ ತಾಯಂದಿರಿಗೆ ಒಂದು ಕಲೆಯೇ ಆಗಿತ್ತು. ಒಂದು ಲೋಟಕ್ಕೆ ಅರ್ಧ ಗಂಟೆ ವಾದ ನಡೆಯುತ್ತಿತ್ತು. ಅಂದು ಅಮ್ಮ ವಾದ ಮಾಡಲಿಲ್ಲ. ಸತ್ತವರ ಒಳ್ಳೆಯ ಬಟ್ಟೆ ಮನೆಯಲ್ಲಿರಬಾರದು ಎಂದು ನೆಂಟರು ಹೇಳಿಹೋಗಿದ್ದರು. ಅಮ್ಮ ಬೀರುವಿನಿಂದ ಸೂಟನ್ನು ತೆಗೆದು ಕೊಟ್ಟಳು. ಪಾತ್ರೆಯವಳು ಬದಲಿಗೆ ಮುಚ್ಚಳವಿರುವ ಒಂದು ದೊಡ್ಡ ಡಬ್ಬ ಕೊಟ್ಟಳು.

ಅಣ್ಣ ದಿನಾ ಹಾಕುತ್ತಿದ್ದ ಅಂಗಿಗಳನ್ನು ಅಮ್ಮ ಒಂದನ್ನೂ ಕೊಡಲಿಲ್ಲ. ಕಾಲರು ಸವೆದವು, ಗುಂಡಿ ಹೋದವು, ಎಲ್ಲವನ್ನೂ ಒಗೆಯದೆ ಟ್ರಂಕಿನಲ್ಲಿಟ್ಟಳು. ಇದನ್ನು ಗಮನದಲ್ಲಿಡಿ, ಯಾಕೆಂದರೆ ಅಮ್ಮ ಕಲ್ಲುಮನಸ್ಸಿನವಳೆಂದು ಯಾರಾದರೂ ತಿಳಿದರೆ ಅದು ತಪ್ಪು.

ಅತ್ತಿಗೆ ಹಿಂದಿರುಗಿದ ಸಂಜೆ ಬೀರು ತೆಗೆದಳು. ಬಹಳ ಹೊತ್ತು ತೆರೆದೇ ಇಟ್ಟುಕೊಂಡು ನಿಂತಿದ್ದಳು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದಳು: “ಅತ್ತೆ, ಕೋಟೆಲ್ಲಿ?”

ಅಮ್ಮ ಡಬ್ಬವನ್ನು ನೋಡಿದಳು. ಅದು ಶೆಲ್ಫಿನ ಮೇಲಿತ್ತು, ಸ್ಟಿಕ್ಕರನ್ನೂ ಕಿತ್ತಿರಲಿಲ್ಲ.

“ಆ ಕೋಟು ಅವನ್ದಲ್ಲ ಕಣೇ,” ಎಂದಳು ಅಮ್ಮ. “ಒಂದಿನ ಹಾಕ್ಕೊಂಡಿದ್ದು. ಅದ್ರಲ್ಲಿ ಅವನೆಲ್ಲಿದಾನೆ. ಶರಟುಗಳಲ್ಲಿದಾನೆ. ಅವನ್ನ ಇಟ್ಕೊಂಡಿದೀನಿ, ನೋಡು ಬಾ.”

“ಶರಟು ನಿಮ್ ಮಗಂದು,” ಎಂದಳು ಅತ್ತಿಗೆ. “ಕೋಟು ನನ್ದಾಗಿತ್ತು.”

ಇಬ್ಬರೂ ದನಿ ಏರಿಸಲಿಲ್ಲ. ಇಬ್ಬರ ಮಾತೂ ನಿಜ. ಅಮ್ಮ ಮೂವತ್ತು ವರ್ಷ ಮಗನನ್ನು ಅಂಗಿಯಲ್ಲಿ ನೋಡಿದ್ದವಳು. ಅತ್ತಿಗೆಯ ಪಾಲಿಗೆ, ಅವನು ತನ್ನವನಾದ ದಿನ ಎಂದರೆ ಆ ಕೋಟಿನ ದಿನ. ಅಂದಿನಿಂದ ಅತ್ತಿಗೆ ಅಮ್ಮನ ಜೊತೆ ಮಾತು ಬಿಟ್ಟಳು. ಅವಳ ತಂದೆ ಬಂದು, “ಬಾಮ್ಮ, ಊರಿಗೆ ಹೋಗೋಣ, ಇಲ್ಲೇನಿದೆ,” ಎಂದಾಗ ಅವಳು ಕೊಟ್ಟ ಉತ್ತರ ನನಗೆ ಕೇಳಿಸಿತು. “ಕೋಟು ಸಿಗ್ಲಿ ಅಪ್ಪ. ಸಿಕ್ಕಿದ್ರೆ ಇಲ್ಲೇ ಇರ್ತೀನಿ.” ಗೋಡೆಯಾಚೆ ಅಮ್ಮನಿಗೂ ಕೇಳಿಸಿರಬೇಕು. ಆ ಮನೆಯಲ್ಲಿ ಗೋಡೆಗಳು ತೆಳು.

ಪಾತ್ರೆಯವಳು ಮತ್ತೆ ಬಂದಾಗ ಅತ್ತಿಗೆ ಗೇಟಿಗೆ ಓಡಿದಳು. ಪಾತ್ರೆಯವಳಿಗೆ ಕೋಟಿನ ನೆನಪೇ ಇರಲಿಲ್ಲ. “ಎಲ್ಲಾ ಮಾರ್ಕೆಟ್ ಹತ್ರ ಹೋಗ್ತದಕ್ಕ. ಭಾನುವಾರ ಪೇಟೆ ರೋಡಲ್ಲಿ ಹಾಕ್ತಾರೆ, ಅಲ್ಲಿ ನೋಡಿ,” ಎಂದಳು.

ಹೀಗೆ ನಮ್ಮ ಭಾನುವಾರಗಳು ಶುರುವಾದವು.

ಜಯನಗರದವರು ಮಾರ್ಕೆಟ್ಟಿನ ಕಡೆ ಹೋಗುವುದಕ್ಕೆ ಆಗ ‘ಸಿಟಿಗೆ ಹೋಗೋದು’ ಎನ್ನುತ್ತಿದ್ದರು, ತಾವು ಬೇರೆ ಯಾವುದೋ ಊರಿನವರೆಂಬಂತೆ. ಬೆಳಗಿನ ಬಸ್ಸಿಗೆ ಹೋಗಿ ಮಾರ್ಕೆಟ್ಟಿನಲ್ಲಿ ಇಳಿದರೆ, ಹಿಂದಿನ ಹಳೇ ಪೇಟೆಯ ಬೀದಿಯಲ್ಲಿ ಅಂಗಡಿಗಳೆಲ್ಲ ರಜ. ಮುಚ್ಚಿದ ಶಟರುಗಳ ಮುಂದೆ, ಕಲ್ಲು ಚಪ್ಪಡಿಯ ಜಗಲಿಗಳ ಮೇಲೆ, ಬಟ್ಟೆಯ ರಾಶಿ. ಮೇಲೆ ನೋಡಿದರೆ ಮರದ ಕಂಬಗಳ ಹಳೆಯ ಉಪ್ಪರಿಗೆಗಳು, ಅವುಗಳ ಕಟಕಟೆಯಿಂದ ಇಳಿಬಿಟ್ಟ ಸ್ವೆಟರುಗಳು. ವಕೀಲರ ಕರಿಕೋಟು, ಸಫಾರಿ ಸೂಟು, ಸ್ಕೂಲಿನ ಬ್ಲೇಜರು, ಯಾವ ದೇಶದ್ದೋ ತುಪ್ಪಳದ ಟೋಪಿ. ಆ ಬೀದಿಯಲ್ಲಿ ಎಷ್ಟು ತಲೆಮಾರುಗಳಿಂದ ಬಟ್ಟೆ ಮಾರುತ್ತಿದ್ದರೋ ಗೊತ್ತಿಲ್ಲ. ಹೊಸ ಬಟ್ಟೆ ವಾರವೆಲ್ಲ ಒಳಗೆ, ಹಳೆಯದು ಭಾನುವಾರ ಹೊರಗೆ. ಒಂದೇ ಬಟ್ಟೆ ಒಳಗಿನಿಂದ ಹೊರಟು, ಊರೆಲ್ಲ ಸುತ್ತಿ, ಕೊನೆಗೆ ಅದೇ ಬಾಗಿಲ ಮುಂದೆ ಬಂದು ಬಿದ್ದಿರುವುದೂ ಉಂಟೇನೋ ಎಂದು ನನಗೆ ಅನಿಸುತ್ತಿತ್ತು.

ಅತ್ತಿಗೆ ಕಾಫಿ ಬಣ್ಣದ್ದೇನಾದರೂ ಕಂಡರೆ ಮೊದಲು ಎಡದೋಳನ್ನು ತಿರುಗಿಸುತ್ತಿದ್ದಳು. ನಾನೂ ಕಲಿತೆ. ಕಂಕುಳಲ್ಲಿ ಮರೂನ್ ದಾರ. ಅಷ್ಟೇ ಗುರುತು.

ಅವಳು ಶಾಲೆಗೆ ಹೋಗುವವಳಾದ್ದರಿಂದ ಹಣೆಯಲ್ಲಿ ಸಣ್ಣದೊಂದು ಬಿಂದಿ ಉಳಿಸಿಕೊಂಡಿದ್ದಳು. ಹಾಗಾಗಿ ಕೋಟುಗಳನ್ನೇ ಮಾರುವ ಒಬ್ಬ ಭಾಯಿ, ಗಂಡನಿದ್ದಾನೆಂದೇ ತಿಳಿದು, ಅವಳನ್ನು ಕಂಡಾಗಲೆಲ್ಲ ಸ್ಟೂಲಿನಿಂದ ಎದ್ದು ಕರೆಯುತ್ತಿದ್ದ.

“ಬನ್ನಿ ಮೇಡಂ, ಬನ್ನಿ. ಇವತ್ತೂ ಯಜಮಾನ್ರಿಗೇನಾ?”

“ಅವ್ರಿಗೇ.”

“ಒಂದ್ಸಲ ಅವ್ರನ್ನೂ ಕರ್ಕೊಂಡ್ ಬನ್ನಿ. ಫಿಟಿಂಗ್ ನೋಡ್ದೆ ಎಷ್ಟ್ ವಾರ ಅಂತ ಹುಡುಕ್ತೀರಾ?”

“ಅವ್ರು ಬರಲ್ಲ.”

“ಎಲ್ಲಾ ಗಂಡಸ್ರೂ ಹಂಗೇ ಮೇಡಂ. ಶಾಪಿಂಗ್ ಅಂದ್ರೆ ಓಡೋಗ್ತಾರೆ.”

ನಾನು ನೆಲ ನೋಡಿದೆ. ಅತ್ತಿಗೆ ನಕ್ಕಳು. “ಹೌದು. ಓಡೋದ್ರು,” ಎಂದಳು. ಅಣ್ಣ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೇಳಿದರೆ ನೀವು ತಪ್ಪು ತಿಳಿಯಬಾರದು: ಆ ಭಾನುವಾರಗಳು ಕೆಟ್ಟವಾಗಿರಲಿಲ್ಲ. ಹುಡುಕಿ ದಣಿದ ಮೇಲೆ ಒಂದು ಹೋಟೆಲಿನಲ್ಲಿ ನಿಂತು ಬೈಟು ಕಾಫಿ ಕುಡಿಯುತ್ತಿದ್ದೆವು. ತೋಳು ತಿರುಗಿಸುತ್ತಾ ತಿರುಗಿಸುತ್ತಾ ಅವಳು ಅಣ್ಣನ ಮಾತೆತ್ತುತ್ತಿದ್ದಳು. ಅವನು ನಿದ್ದೆಯಲ್ಲಿ ಲೆಕ್ಕ ಹೇಳುತ್ತಿದ್ದನಂತೆ. ಬದನೆಕಾಯಿಯನ್ನು ಅಮ್ಮನಿಗೆ ಹೆದರಿ ತಿನ್ನುತ್ತಿದ್ದನಂತೆ. ಮನೆಯಲ್ಲಿ ಯಾರೂ ಅವನ ಹೆಸರೆತ್ತದ ಆ ತಿಂಗಳುಗಳಲ್ಲಿ ಅವನು ವಾರಕ್ಕೊಮ್ಮೆ, ಆ ಬೀದಿಯಲ್ಲಿ, ನಮ್ಮಿಬ್ಬರ ನಡುವೆ ನಡೆದಾಡುತ್ತಿದ್ದ. ಅಮ್ಮ ಬೆಳಿಗ್ಗೆ ಮಾತಿಲ್ಲದೆ ನನ್ನ ಕೈಗೆ ಚಿತ್ರಾನ್ನದ ಡಬ್ಬಿ ಕೊಡುತ್ತಿದ್ದಳು, ಇಬ್ಬರಿಗಾಗುವಷ್ಟು ಇರುತ್ತಿತ್ತು. ಹಿಂದಿರುಗಿದಾಗ ಬಾಗಿಲಲ್ಲೇ, ನನ್ನ ಮುಖ ನೋಡಿ, “ಸಿಕ್ತಾ?” ಎನ್ನುತ್ತಿದ್ದಳು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಅತ್ತಿಗೆ ಒಳಗೆ ಹೋಗುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ, ಭಾಯಿಯ ಶಟರಿನ ಮೊಳೆಗೆ ಒಂದು ಕೋಟು ತೂಗುಹಾಕಿತ್ತು. ಕಾಫಿ ಬಣ್ಣ. ಗುಂಡಿಗಳು ಮಾತ್ರ ಹೊಸವು, ಹೊಳೆಯುವ ಹಿತ್ತಾಳೆಯವು. ತೋಳಿನ ಅಂಚಿಗೂ ಕಾಲರಿಗೂ ಬಂಗಾರದ ಬಣ್ಣದ ಪಟ್ಟಿ ಹೊಲಿದಿದ್ದರು.

“ಅದು ಬೇಡ ಮೇಡಂ, ಬ್ಯಾಂಡ್‌ಸೆಟ್‌ನವ್ರಿಗೆ ರೆಡಿ ಮಾಡಿಟ್ಟಿದ್ದು,” ಎಂದ ಭಾಯಿ. “ನಿಮ್ ಯಜಮಾನ್ರು ಕ್ಲಾರಿನೆಟ್ ಊದ್ತಾರಾ?”

ಅತ್ತಿಗೆ ಕೋಟನ್ನು ಇಳಿಸಿ ಎಡದೋಳನ್ನು ತಿರುಗಿಸಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಬೆಳಕು ಚೆನ್ನಾಗಿತ್ತು. ಲೈನಿಂಗಿನ ಮೇಲೆ ಓರೆ ಓರೆಯಾಗಿ ಹಾಕಿದ ಮರೂನ್ ಹೊಲಿಗೆಯನ್ನು ನಾನು ನೋಡಿದೆ. ಕೊನೆಯಲ್ಲಿ ದಾರ ಸಾಲದೆ ಗಂಟು ಹಾಕಿದ್ದು ಕೂಡ ಹಾಗೇ ಇತ್ತು. ಅತ್ತಿಗೆ ಹೆಬ್ಬೆರಳನ್ನು ಹೊಲಿಗೆಯ ಮೇಲೆ ಒಮ್ಮೆ, ಈ ತುದಿಯಿಂದ ಆ ತುದಿಗೆ, ಸವರಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ.

“ಹಾಕ್ಕೊ ಪುಟ್ಟ,” ಎಂದಳು.

ನಾನು ಹಾಕಿಕೊಂಡೆ. ಅಣ್ಣನ ಮದುವೆಯಿಂದೀಚೆಗಿನ ಎರಡು ವರ್ಷಗಳಲ್ಲಿ ನಾನು ಬೆಳೆದಿದ್ದೆ. ಎಷ್ಟೆಂದು ಯಾರೂ ನೋಡಿರಲಿಲ್ಲ. ಭುಜ ಸರಿಯಾಗಿ ಕೂತಿತು. ತೋಳು ಮಣಿಕಟ್ಟಿಗೆ ಬಂದು ನಿಂತಿತು.

“ಅಳತೆ ಕೊಟ್ಟು ಹೊಲಿಸ್ದಂಗಿದೆ,” ಎಂದ ಭಾಯಿ.

ಅತ್ತಿಗೆ ಹಿಂದೆ ಸರಿದು ನಿಂತಳು. ಅವಳ ಕಣ್ಣು ಮೊದಲು ಗುಂಡಿಗಳ ಮೇಲಿತ್ತು, ಆಮೇಲೆ ಭುಜದ ಮೇಲೆ, ಕಾಲರಿನ ಮೇಲೆ. ಅಲ್ಲಿಗೆ ಬಂದು ಸ್ವಲ್ಪ ಹೊತ್ತು ನಿಂತಿತು. ಕಾಲರಿನಿಂದ ಮೇಲಕ್ಕೆ ಏನಿದೆಯೆಂದು ನೋಡಲು ಅವಳು ತಡಮಾಡಿದಳು. ಆಮೇಲೆ ನೋಡಿದಳು. ಕಾಲರಿನ ಮೇಲೆ ಇದ್ದದ್ದು ನನ್ನ ಮುಖ.

“ತೆಗಿ.”

“ಅತ್ತಿಗೆ, ಹೊಲಿಗೆ...”

“ಇದಲ್ಲ ಪುಟ್ಟ. ತೆಗಿ.”

ನಾನು ತೆಗೆದು ಭಾಯಿಯ ಕೈಗೆ ಕೊಟ್ಟೆ. ಬ್ಯಾಂಡ್‌ಸೆಟ್‌ನವರಿಗೆ ಬೇರೆ ಕೊಡ್ತೀನಿ, ಪಟ್ಟಿ ಬಿಚ್ಚಿಸ್ತೀನಿ ಎಂದು ಅವನು ಹಿಂದಿನಿಂದ ಕೂಗುತ್ತಿದ್ದ. ಅತ್ತಿಗೆ ಆಗಲೇ ಜನರ ನಡುವೆ ನಡೆದುಬಿಟ್ಟಿದ್ದಳು. ಕಾಫಿ ಕುಡಿಯಲಿಲ್ಲ. ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕುಳಿತಳು, ನಾನು ಹಿಂದೆ ನಿಂತೆ. ಫೋರ್ತ್ ಬ್ಲಾಕಿನಲ್ಲಿ ಇಳಿಯುವವರೆಗೂ ಅವಳ ತಲೆ ಕಿಟಕಿಯ ಕಡೆ ಕೂಡ ತಿರುಗಲಿಲ್ಲ.

ಅಮ್ಮ ಬಾಗಿಲಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. “ಸಿಕ್ತಾ?” ಎಂದಳು ನನಗೆ.

ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಹೇಳಿದಳು. “ಇಲ್ಲ ಅತ್ತೆ. ಇನ್ ಹುಡುಕಲ್ಲ.”

ಅಷ್ಟು ತಿಂಗಳ ಮೇಲೆ ಸೊಸೆ ಅತ್ತೆಯ ಜೊತೆ ಆಡಿದ ಮೊದಲ ಮಾತು ಅದು. ಅಮ್ಮನ ಕೈ ಸೊಪ್ಪಿನ ಮೇಲೆ ನಿಂತಿತು. ಅಂದೇ ಸಂಜೆ ಅತ್ತಿಗೆ ಎಸ್‌ಟಿಡಿ ಬೂತಿಗೆ ಹೋಗಿ ತಂದೆಗೆ ಫೋನ್ ಮಾಡಿದಳು.

ಶಾಲೆಯ ವರ್ಷ ಮುಗಿದ ಮೇಲೆ ಹೊರಟಳು. ಆಟೋಗೆ ಸಾಮಾನು ಇಡುವಾಗ ಅಮ್ಮ ಒಳಗಿನಿಂದ ಸ್ಟೀಲ್ ಡಬ್ಬವನ್ನು ತಂದಳು. ಅದರಲ್ಲಿ ಅಮ್ಮ ಒಂದು ಕಾಳನ್ನೂ ತುಂಬಿರಲಿಲ್ಲ.

“ಇದನ್ನಾದ್ರೂ ತಗೊಂಡ್ ಹೋಗಮ್ಮ. ನಿಂಗೇ ಸೇರ್ಬೇಕಾದ್ದು.”

ಅತ್ತಿಗೆ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಒತ್ತಿದಳು ಕೂಡ. ಆಮೇಲೆ ಹಿಂದಕ್ಕೆ ಕೊಟ್ಟಳು. “ಇದ್ರಲ್ಲಿ ಏನಿಡ್ಲಿ ಅತ್ತೆ?” ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅಮ್ಮ ತಡೆದುಕೊಳ್ಳುತ್ತಿದ್ದಳು. ಅತ್ತಿಗೆ ಮತ್ತೆ ಮದುವೆಯಾದಳೆಂದು ಎಷ್ಟೋ ವರ್ಷದ ಮೇಲೆ ಯಾರೋ ಹೇಳಿದರು. ಸುಳ್ಳಾಗದಿರಲಿ ಎಂದುಕೊಂಡೆ.

ಅಮ್ಮ ಇಟ್ಟುಕೊಂಡ ಅಂಗಿಗಳ ಕಥೆಯನ್ನೂ ಮುಗಿಸಿಬಿಡುತ್ತೇನೆ. ಟ್ರಂಕಿಗೆ ಹುಳ ಬೀಳದಿರಲೆಂದು ಅಮ್ಮ ಪ್ರತಿ ಯುಗಾದಿಗೆ ಹೊಸ ನುಸಿಗುಳಿಗೆ ಹಾಕುತ್ತಿದ್ದಳು. ಎರಡು ಸಾವಿರದ ಇಸವಿ ದಾಟಿದ ಮೇಲೆ, ನಾವು ಜೆ.ಪಿ. ನಗರಕ್ಕೆ ಮನೆ ಬದಲಿಸುವಾಗ, ಒಂದು ಅಂಗಿಯನ್ನು ತೆಗೆದು ಮೂಗಿಗೆ ಹಿಡಿದಳು. ಇನ್ನೊಂದನ್ನು ತೆಗೆದಳು. ಒಂದೊಂದನ್ನೂ ಹಾಗೆ ನೋಡಿ, ಕೊನೆಯದನ್ನು ನನ್ನ ಕಡೆ ನೀಡಿದಳು. “ನೀನ್ ನೋಡು.”

ನಾನು ಮೂಸಿದೆ. ನುಸಿಗುಳಿಗೆ. ಬೇರೇನೂ ಇಲ್ಲ.

“ಹುಳ ಬರ್ಬಾರ್ದು ಅಂತ ಹಾಕ್ದೆ ಕಣೋ,” ಎಂದಳು ಅಮ್ಮ. ಅಂಗಿಗಳನ್ನು ಮಡಚಿ ಟ್ರಂಕಿಗೆ ಹಾಕಿದಳು. ಅಮ್ಮ ಇದ್ದಷ್ಟು ದಿನವೂ ಆ ಟ್ರಂಕನ್ನು ಮತ್ತೆ ತೆರೆಯಲಿಲ್ಲ. ಈಗ ಅಣ್ಣನ ವಾಸನೆ ಎಂದರೆ ನನಗೂ ಈ ನುಸಿಗುಳಿಗೆಯೊಂದೇ ನೆನಪಿಗೆ ಬರುವುದು.

ನಾನು ಆ ಭಾನುವಾರದ ಮೇಲೆ ಕೋಟು ಹಾಕಿದವನಲ್ಲ. ನನ್ನ ಮದುವೆಗೆ ಬರೀ ಬಿಳಿ ಜುಬ್ಬಾ ತೊಟ್ಟು ನಿಂತೆ. ಸರಳತೆಯ ಆದರ್ಶ ಎಂದು ಮಾವನವರು ಬಂದವರಿಗೆಲ್ಲ ಹೊಗಳಿದರು. ಇಂದಿಗೂ ಹೊಗಳುತ್ತಾರೆ. ನಾನು ತಿದ್ದಿಲ್ಲ. ಆದರೆ ಎಲ್ಲಿ ಹಳೆಯ ಕೋಟು ಕಂಡರೂ ಎಡದೋಳಿನೊಳಗೆ ನೋಡದೆ ಬಿಟ್ಟವನೂ ಅಲ್ಲ. ನೆಂಟರ ಮನೆಯ ಬೀರುಗಳಲ್ಲಿ, ಮಗಳ ಕಾಲೇಜಿನ ನಾಟಕದ ಪೆಟ್ಟಿಗೆಯಲ್ಲಿ ಕೂಡ. ಒಮ್ಮೆ ಒಂದು ಮದುವೆಯಲ್ಲಿ ಬ್ಯಾಂಡಿನವನೊಬ್ಬನ ತೀರಾ ಹತ್ತಿರ ಹೋಗಿ ನಿಂತು ಬೈಸಿಕೊಂಡಿದ್ದೇನೆ.

ಮಗಳ ಕೋಟಿನಲ್ಲಿ ಯಾವ ಹೊಲಿಗೆಯೂ ಇರಲಿಲ್ಲ. ಬೂದು ಕೋಟಿನಲ್ಲಿ ಇರುವುದಾದರೂ ಹೇಗೆ. “ಯಾರ್ದೋ ಏನೋ ಅಲ್ವಾ ಅಪ್ಪ?” ಎಂದಳು ಅವಳು. “ಇದ್ರೊಳಗೆ ಒಂದ್ ಕಥೆ ಇರತ್ತೆ. ಅದಕ್ಕೇ ನಂಗೆ ಇಷ್ಟ.” ಆಮೇಲೆ ವಾಸನೆ ಹೋಗಲೆಂದು ಅದನ್ನು ಹ್ಯಾಂಗರಿಗೆ ಹಾಕಿ ಬಾಲ್ಕನಿಯ ತಂತಿಗೆ ತೂಗುಬಿಟ್ಟು ಸ್ನೇಹಿತೆಯ ಮನೆಗೆ ಹೋದಳು. ಬೇಡ ಎನ್ನಬೇಕೆನಿಸಿತು.

ಸಂಜೆ ಮನೆಯಲ್ಲಿ ಯಾರೂ ಇರಲಿಲ್ಲ. ಕೋಟನ್ನು ಒಳಗೆ ತರಲು ಹೋದೆ. ಮೂಗಿಗೆ ಹಿಡಿದೆ. ದಿನವೆಲ್ಲ ಗಾಳಿಗಿಟ್ಟು ನುಸಿಗುಳಿಗೆಯೂ ಹೋಗಿತ್ತು. ಯಾವ ವಾಸನೆಯೂ ಇರಲಿಲ್ಲ. ಯಾಕೆಂದು ಗೊತ್ತಿಲ್ಲ, ತೋಳು ತೂರಿಸಿದೆ. ಭುಜ ಬಿಗಿಯಾಯಿತು, ಆದರೂ ಬಂತು. ಕೋಣೆಯ ಕನ್ನಡಿಯ ಮುಂದೆ ನಿಂತೆ. ಗುಂಡಿಗಳನ್ನು ನೋಡಿದೆ, ಭುಜ ನೋಡಿದೆ, ಕಾಲರಿಗೆ ಬಂದು ನಿಂತೆ. ಇಷ್ಟು ವರ್ಷ ನಾನು ಹುಡುಕುತ್ತಿದ್ದದ್ದು ಕೋಟನ್ನೆಂದುಕೊಂಡಿದ್ದೆ. ಕಣ್ಣು ಮೇಲೆತ್ತಿದೆ. ಅಣ್ಣನಿಗೆ ಎಂದೂ ಬಾರದ ವಯಸ್ಸಿನ ಒಬ್ಬ ಮನುಷ್ಯ, ಕೂದಲು ನೆರೆತವನು, ನನ್ನನ್ನು ನೋಡುತ್ತಿದ್ದ.

“ಇದಲ್ಲ,” ಎಂದೆ, ಖಾಲಿ ಮನೆಯಲ್ಲಿ, ಸ್ವಲ್ಪ ಗಟ್ಟಿಯಾಗಿಯೇ.

ಕೋಟು ತೆಗೆದು, ಮಗಳಿಗೆ ಗೊತ್ತಾಗದಂತೆ, ಇದ್ದ ಹಾಗೆಯೇ ಹ್ಯಾಂಗರಿಗೆ ಹಾಕಿದೆ.